ಬೇರು ಬೆರೆತ ವರ್ಷ

ತೋಟಗಾರಿಕೆ ಇಲಾಖೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಕೆಲವರು ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಗೆ ಬಂದು ಹೋಗುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಈ ಕೆಲಸದಾಗ ಮುಖ್ಯವಾಗಿ ಏನಿರಬೇಕ್ರಿ?" ತಾಳ್ಮೆ, ಧೈರ್ಯ, ರೈತರ ಮೇಲೆ ಪ್ರೀತಿ ಅಂತ ಏನಾದರೂ ಹೇಳುತ್ತೇನೆಂದು ಕಾಯುತ್ತಾರೆ. ಅಂಜಿಕೆ ಇರಬೇಕು ಅನ್ನುತ್ತೇನೆ. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಗುತ್ತಾರೆ. ಅವರು ಹಾಗೆ ನಕ್ಕು ಎದ್ದುಹೋಗುತ್ತಾರಲ್ಲ, ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಪುಕ್ಕಲಿ. ಹಾವಿಗೆ ಹೆದರುತ್ತಿದ್ದೆ, ನಾಯಿಗೆ ಹೆದರುತ್ತಿದ್ದೆ, ಸಾಹೇಬರ ಕೋಣೆಯ ಕರೆಗಂಟೆಗೆ ಅವೆರಡಕ್ಕಿಂತ ಹೆಚ್ಚು ಹೆದರುತ್ತಿದ್ದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಎಲ್ಲ ಕಡೆ ಸ್ಕೂಟಿ ಓಡಿಸಿದ್ದೇನೆ. ಓಡಿಸಿದ್ದೆಲ್ಲ ಹೆದರಿಕೊಂಡೇ. ನನಗೆ ಬಡ್ತಿ ಯಾವಾಗ ಬಂತು, ನನಗಿಂತ ಕಿರಿಯರಿಗೆ ಯಾಕೆ ಮೊದಲು ಬಂತು ಎಂಬುದನ್ನೆಲ್ಲ ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ನನ್ನ ಬಿಪಿ ಏರುತ್ತದೆ, ನಿಮಗೇನೂ ಪ್ರಯೋಜನವಿಲ್ಲ.

ಮಾವು, ದಾಳಿಂಬೆ, ಮೆಣಸಿನಕಾಯಿ ಇವುಗಳಲ್ಲಿ ನಾವು ತಪ್ಪು ಹೇಳಿದರೆ ಬೆಳೆ ಹೋಗುತ್ತದೆ. ರೈತ ಬೈಯುತ್ತಾನೆ, ಮುಂದಿನ ವರ್ಷ ಸರಿಹೋಗುತ್ತಾನೆ. ಔಷಧಿ ಬೆಳೆಯಲ್ಲಿ ಹಾಗಲ್ಲ. ತುಳಸಿಯೋ ಅಶ್ವಗಂಧವೋ ಬೆಳೆದವನ ಕೈಯಿಂದ ಹೊರಟು ಯಾವುದೋ ಮನೆಯಲ್ಲಿ ಮೈ ಸರಿಯಿಲ್ಲದವರ ಬಾಯಿಗೆ ಹೋಗುತ್ತದೆ. ಅವರು ಕಣ್ಣು ಮುಚ್ಚಿ ನಂಬಿ ಕುಡಿಯುತ್ತಾರೆ. ಹಾಗೆ ಕುಡಿಯುವವರ ಮುಖ ನೆನೆದಾಗಲೆಲ್ಲ ನಾನು ಮತ್ತೊಮ್ಮೆ ಹೊಲಕ್ಕೆ ಹೋಗಿ ಗಿಡ ನೋಡಿ ಬರುತ್ತಿದ್ದೆ.

ಕುಷ್ಟಗಿಯಲ್ಲಿದ್ದಾಗ ನಮ್ಮ ಸಾಹೇಬರೊಬ್ಬರಿಗೆ ಫಲಕದ ಹುಚ್ಚು. ಗಿಡ ನೆಡುವ ಮೊದಲು ಫಲಕ ನೆಡಿಸುತ್ತಿದ್ದರು. ಒಮ್ಮೆ ಮೇಲಿನವರು ತಪಾಸಣೆಗೆ ಬಂದರು. ನೆಲಬೇವು ಎಲ್ಲಿದೆ ಅಂತ ಕೇಳಿದ್ದಕ್ಕೆ ಸಾಹೇಬರು ಸ್ವಲ್ಪವೂ ತಡವರಿಸದೆ ಬದುವಿನ ಮೇಲಿದ್ದ ಒಂದು ಗಿಡ ತೋರಿಸಿದರು. ಅದು ಬರೀ ಕಸ. ನೆಲಬೇವಿನ ಮಡಿ ಅವರ ಬೆನ್ನ ಹಿಂದಿತ್ತು. ಎಲ್ಲರೂ ತಲೆಯಾಡಿಸಿದರು, ಫೋಟೊ ಆಯಿತು, ಕಾರು ಹೊರಟವು. ನಾನೂ ನಕ್ಕು ಮರೆತೆ.

ಮುಂದಿನ ಭೇಟಿಯಲ್ಲಿ ನೋಡಿದರೆ ಆ ಹೊಲದ ರೈತ ಕಸದ ಸುತ್ತ ಪಾತಿ ಮಾಡಿ ನೀರು ಹಾಕಿ ಬೆಳೆಸಿದ್ದಾನೆ. "ಸಾಹೇಬ್ರು ಕೈ ಮಾಡಿ ತೋರಿಸಿದ ಗಿಡಾರೀ ಇದು. ಮನ್ಯಾಕಿಗೆ ಜ್ವರ ಬಂದಿತ್ತು, ಇದನ್ನ ಕುದಿಸಿ ಕೊಟ್ಟೀನ್ರಿ," ಅಂದ. ಆಕೆ ಹೇಗಿದ್ದಾಳೆ ಅಂತ ಕೇಳಿದೆ. ಅಷ್ಟರಲ್ಲಿ ಆಕೆಯೇ ಕೊಡ ಹೊತ್ತು ಬಂದಳು, ಗಟ್ಟಿಮುಟ್ಟಾಗಿದ್ದಳು. ಪುಣ್ಯಕ್ಕೆ ಆ ಕಸದಲ್ಲಿ ವಿಷವಿರಲಿಲ್ಲ. ಗಿಡ ಕಿತ್ತು ಒಗೆಯಪ್ಪಾ ಅಂದರೆ ಅವನು, "ಹಂಗಾರ ಸಾಹೇಬ್ರು ಸುಳ್ಳು ಹೇಳಿದ್ರೇನ್ರಿ?" ಅಂತ ನನ್ನನ್ನೇ ಅನುಮಾನಿಸಿದ. ನಾವು ಬೆರಳು ಮಾಡಿ ತೋರಿಸಿದ್ದು ಮನೆಮಂದಿಗೆ ಔಷಧಿಯಾಗುತ್ತದೆ ಎಂಬುದು ಆ ದಿನ ತಲೆಗೆ ಹೋಯಿತು.

ಗಂಗಾವತಿ ಕಡೆ ಹೆದರಿಕೆಯ ಬಣ್ಣ ಬೇರೆ. ಕಾಲುವೆ ಬಯಲು, ಎಲ್ಲಿ ನೋಡಿದರೂ ಭತ್ತ. ಆಂಧ್ರದಿಂದ ಬಂದು ನೆಲೆಸಿದವರ ಒಂದು ಕ್ಯಾಂಪಿನ ರೈತ ಭತ್ತದ ನಡುವೆ ತುಂಡು ಜಾಗದಲ್ಲಿ ತುಳಸಿ ಹಾಕಿದ್ದ. ಪಕ್ಕದವನು ಗಾಳಿ ಬೀಸುವಾಗ ಭತ್ತಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಿದ್ದಾನೆ, ಇವನು ಮಾರನೆಯ ಬೆಳಗ್ಗೆ ತುಳಸಿ ಕೊಯ್ದು ಒಣಹಾಕಿದ್ದಾನೆ. ನಾನು ಒಂದೆಲೆ ತಿಕ್ಕಿ ಮೂಸಿದೆ. ತುಳಸಿಯ ವಾಸನೆಯ ಕೆಳಗೆ ಎಣ್ಣೆಯ ಘಾಟು. "ಏಂ ಕಾದಮ್ಮಾ, ಬಿಸಿಲಿಗೆ ಹೋಗ್ತೈತಿ," ಅಂತ ಅವನು ತೆಲುಗು ಕನ್ನಡ ಎರಡನ್ನೂ ಸೇರಿಸಿ ಸಮಾಧಾನ ಹೇಳಿದ. ನಾನು ಅಲ್ಲಿಂದ ಕದಲಲಿಲ್ಲ. ಅದನ್ನೆಲ್ಲ ಗುಂಡಿಗೆ ಹಾಕಿ ಮಣ್ಣು ಮುಚ್ಚುವ ತನಕ ನಿಂತೆ. ಆ ಹಂಗಾಮು ಮುಗಿಯುವವರೆಗೂ ಅವನು ನನ್ನ ಜೊತೆ ಮಾತಾಡಲಿಲ್ಲ. ಈಗ ಡ್ರೋನ್ ಬಂದಿದೆ, ಮೇಲಿಂದಲೇ ಸಿಂಪಡಿಸುತ್ತಾರೆ. ಪಕ್ಕದ ಹೊಲದಲ್ಲಿ ಯಾರೂ ಕಾಣದಿದ್ದರೂ ಎಣ್ಣೆ ಬಿದ್ದಿರಬಹುದು. ಎಲೆ ಮೂಸುವುದನ್ನು ಮಾತ್ರ ಬಿಡಬೇಡಿ. ಮೊಬೈಲಿಗೆ ಬಂದ ಫೋಟೊ ನೋಡಿ ರೋಗ ಹೇಳುವ ಜಾಣರು ನೀವು, ಆದರೆ ಫೋಟೊಗೆ ವಾಸನೆ ಇರುವುದಿಲ್ಲ.

ಇನ್ನು ಗವಿಸಿದ್ದಪ್ಪನ ತೋಟದ ವಿಷಯ. ನಾನು ಹೇಳಬೇಕೆಂದಿರುವುದು ಇದನ್ನೇ.

ಅಳವಂಡಿಯ ಹತ್ತಿರದ ಊರು ಅವನದು. ಭಾಗ್ಯನಗರದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಬರುತ್ತಿದ್ದ. ಊರಲ್ಲಿ ಒಂದಿಷ್ಟು ಕೆಂಪು ಮಣ್ಣಿನ ಹೊಲ, ಒಂದು ಬೋರು, ಹೆಂಡತಿ ಶಾಂತಮ್ಮ, ತಾಯಿ ನೀಲವ್ವ. ಗಂಡ ಹೆಂಡತಿ ಇಬ್ಬರೂ ಒಂದು ದಿನ ಕೊಪ್ಪಳದ ನಮ್ಮ ಕಚೇರಿಗೆ ಬಂದು ಅಶ್ವಗಂಧ, ತುಳಸಿ, ಮಜ್ಜಿಗೆ ಹುಲ್ಲು ಹಾಕುತ್ತೇವೆ ಅಂದರು. ಮೊಬೈಲಿನಲ್ಲಿ ಯಾರದೋ ವೀಡಿಯೊ ನೋಡಿದ್ದರು. ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಶುರುಮಾಡಿದೆ. ಮಾರುಕಟ್ಟೆ ಗಟ್ಟಿಯಿಲ್ಲ, ಒಣಗಿಸುವುದು ಕಷ್ಟ, ಬೂಸ್ಟು ಬಂದರೆ ಎಲ್ಲಾ ಹೋಯಿತು, ಸುಮ್ಮನೆ ತೊಗರಿ ಹಾಕಿಕೊಳ್ಳಿ. ಗವಿಸಿದ್ದಪ್ಪನ ಮುಖ ಬಾಡಿತು. ಶಾಂತಮ್ಮ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಅಕ್ಕಾರ, ಅಂಜಸಬ್ಯಾಡ್ರಿ. ಯಾವುದಕ್ಕ ಅಂಜಬೇಕು, ಅಷ್ಟ ಹೇಳ್ರಿ. ಅದಕ್ಕ ಅಂಜತೀವಿ."

ನನ್ನ ಇಡೀ ನೌಕರಿಯಲ್ಲಿ ಯಾರೂ ನನ್ನನ್ನು ಅಷ್ಟು ಸರಿಯಾಗಿ ಕೇಳಿರಲಿಲ್ಲ. ಹೇಳಿದೆ. ಡಾಂಬರು ರಸ್ತೆಯ ಮೇಲೆ ಒಣಹಾಕಬೇಡಿ. ಗೊಬ್ಬರದ ಚೀಲ ತೊಳೆದು ಬಳಸಬೇಡಿ, ತೊಳೆದರೂ ಅದು ಗೊಬ್ಬರದ ಚೀಲವೇ. ಎಣ್ಣೆ ಹೊಡೆಯುವ ಪಂಪು ಇಡುವ ಕೋಣೆಯಲ್ಲಿ ಬೇರು ಇಡಬೇಡಿ. ಒಂದು ಮಡಿಯಲ್ಲಿ ಒಂದೇ ಗಿಡ ಇರಲಿ, ಬೇರೆ ಏನು ಕಂಡರೂ ಕಿತ್ತುಬಿಡಿ. ಶಾಂತಮ್ಮ ಒಂದೊಂದಕ್ಕೂ ಹೂಂಗುಟ್ಟಿದಳು.

ತೋಟ ಎದ್ದಿತು, ಬದುವಿನ ಮೇಲೆ ಇಲಾಖೆಯ ಫಲಕವೂ ಎದ್ದಿತು. ಮೊದಲ ವರ್ಷ ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ, ಗಿಡ ನೋಡಲು ಅನ್ನುವುದಕ್ಕಿಂತ ನನ್ನ ಜೀವ ತಡೆಯದೆ. ಶಾಂತಮ್ಮ ಮನೆಯ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಬೇರು ಒಣಗಿಸುತ್ತಿದ್ದಳು. ಹಕ್ಕಿ ಬರದಂತೆ ಹಳೆಯ ಸೊಳ್ಳೆ ಪರದೆ ಕಟ್ಟಿದ್ದಳು. ಮೊದಲು ಇಡಿಯಾಗಿ ವ್ಯಾಪಾರಿಗೆ ಕೊಟ್ಟರು. ಆಮೇಲೆ ತಾನೇ ಕುಟ್ಟಿ, ಜರಡಿ ಹಿಡಿದು, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಅಳವಂಡಿ ಸಂತೆಯಲ್ಲಿ ಕೂತು ಮಾರಲು ಶುರುಮಾಡಿದಳು. ಭಾಗ್ಯನಗರದ ಅಂಗಡಿಯವರೂ ಇಟ್ಟುಕೊಂಡರು. ಶಾಂತಮ್ಮನ ಪುಡಿ ಅಂದರೆ ಛಲೋ ಅಂತ ಹೆಸರಾಯಿತು. ಗವಿಸಿದ್ದಪ್ಪ ವೆಲ್ಡಿಂಗ್ ಬಿಟ್ಟು ಊರಲ್ಲೇ ನಿಂತ. ಆ ಮನೆಯ ಒಲೆ ಈಗ ಆ ಪುಡಿಯಿಂದಲೇ ಉರಿಯಬೇಕಿತ್ತು.

ನೀಲವ್ವನೂ ದಿನಾ ಬೆಳಗ್ಗೆ ಹಾಲಿಗೆ ಆ ಪುಡಿ ಹಾಕಿಕೊಂಡು ಕುಡಿಯುತ್ತಿದ್ದಳು. ಮೊಣಕಾಲು ನೋವು ಕಡಿಮೆಯಾಗಿದೆ ಅಂತ ಓಣಿಯವರಿಗೆಲ್ಲ ಹೇಳುವವಳು ಅವಳೇ. ಗಂಡ ಹೆಂಡತಿ ಚಹಾ ಗಿರಾಕಿಗಳು, ಆ ಹಾಲು ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನನ್ನನ್ನು ಮತ್ತೆ ಕುಷ್ಟಗಿಗೆ ಹಾಕಿದರು. ಆ ವರ್ಷ ತೋಟಕ್ಕೆ ಹೋಗಲಾಗಲಿಲ್ಲ. ಯುಗಾದಿ ಮುಗಿದು ಬಿಸಿಲು ಏರಿದ ಒಂದು ಬೆಳಗ್ಗೆ ಶಾಂತಮ್ಮನ ಫೋನು ಬಂತು. ದನಿ ಅವಳದೇ ಅಂತ ಗುರುತು ಸಿಗಲಿಲ್ಲ.

"ಅಕ್ಕಾರ, ನಮ್ಮ ಅತ್ತೀಗೆ, ಇವರ ಅವ್ವಗ, ಏನೋ ಆಗೈತ್ರಿ. ಅಂಗಳದಾಗ ನಿಂತು ಗಾಳ್ಯಾಗ ಕೈ ಹಾಕಿ ಏನೋ ಹರಿಯಾಕ ಹತ್ಯಾಳ. ಸತ್ತ ಮಾವನ್ನ ಊಟಕ್ಕ ಕರಿಯಾಕ ಹತ್ಯಾಳ್ರಿ. ನನ್ನ ಗುರ್ತ ಇಲ್ಲ. ಮಾರಿ ಕೆಂಪಗ ಆಗೈತಿ, ನೀರ ಕೊಟ್ರ ನುಂಗವಲ್ಲಳು."

ಹಿಂದೆ ಯಾರೋ ಗಾಳಿ ಸೋಕಿದೆ ಅನ್ನುವುದು, ವಿಭೂತಿ ತರಲು ಓಡುವುದು ಕೇಳಿಸಿತು. ಏನು ತಿಂದಿದ್ದಾಳೆ ಅಂತ ಕೇಳಿದೆ.

"ಏನೂ ಇಲ್ರೀ. ದಿನದ ಹಂಗ ಹಾಲು ಕುಡದಾಳ. ಹೊಸಾ ಪುಡಿ ನಿನ್ನೆ ಡಬ್ಬಿಗೆ ತುಂಬಿದ್ದೆ, ಅದನ್ನ ಹಾಕಿ ಕೊಟ್ಟೆ."

ವಿಭೂತಿ ಆಮೇಲೆ ಹಚ್ಚಲಿ, ಮೊದಲು ಕೊಪ್ಪಳದ ದೊಡ್ಡ ದವಾಖಾನೆಗೆ ಕರೆತನ್ನಿ, ಪುಡಿಯ ಡಬ್ಬಿಯನ್ನೂ ತನ್ನಿ ಅಂದೆ. ಸಾಹೇಬರಿಗೆ ಹೇಳದೆ ಬಸ್ಸು ಹತ್ತಿದೆ. ನನ್ನ ಜೀವಮಾನದಲ್ಲಿ ಅನುಮತಿ ಇಲ್ಲದೆ ಕಚೇರಿ ಬಿಟ್ಟದ್ದು ಅದೇ ಮೊದಲು. ಸೀಟಿನ ಮುಂದಿನ ಕಂಬಿ ಹಿಡಿದು ದಾರಿಯುದ್ದಕ್ಕೂ ಒಂದೇ ಬೇಡಿಕೊಂಡೆ, ಪುಡಿಯಿಂದ ಆಗಿರದಿರಲಿ ಅಂತ.

ದವಾಖಾನೆಯ ಹುಡುಗಿ ಡಾಕ್ಟರು ನೀಲವ್ವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ನಾಡಿ ಹಿಡಿದು, ನಮ್ಮ ಕಡೆ ತಿರುಗಿದಳು. "ಮದಗುಣಿಕಿ ಏನರ ಹೊಟ್ಟಿಗೆ ಹೋಗೈತೇನು?"

ಮದಗುಣಿಕಿ ಅಂದರೆ ದತ್ತೂರಿ. ಬಿಳಿ ಹೂವು, ಮುಳ್ಳು ಕಾಯಿ, ಬೇರಿನಿಂದ ಬೀಜದವರೆಗೆ ವಿಷ. ಗವಿಸಿದ್ದಪ್ಪ ಇಲ್ಲ ಅಂತ ತಲೆಯಾಡಿಸಿದ. ಶಾಂತಮ್ಮ ಆಡಿಸಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ನಿಂತಿದ್ದಳು. ಡಾಕ್ಟರು ನೀಲವ್ವನನ್ನು ಒಳಗೆ ಒಯ್ದ ಮೇಲೆ ಶಾಂತಮ್ಮನಿಂದ ಒಂದೊಂದೇ ಮಾತು ಹೊರಗೆ ಬಂತು.

ನಡೆದದ್ದು ಇಷ್ಟು. ಅಶ್ವಗಂಧದ ಮಡಿಯಲ್ಲಿ ಕೆಲವು ದತ್ತೂರಿ ಗಿಡ ಹುಟ್ಟಿದ್ದವು. ಕಸ ತೆಗೆಯುವ ಹೆಣ್ಣಾಳುಗಳು ಕೀಳಲು ಹೋದಾಗ ನೀಲವ್ವ ಅಡ್ಡ ಬಂದಿದ್ದಾಳೆ. ಅದು ಶಿವನ ಹೂವು, ಕಾರ್ತಿಕ ಸೋಮವಾರಕ್ಕೆ ಬೇಕು, ಶಿವರಾತ್ರಿಗೆ ಬೇಕು, ಬಿಡ್ರಿ ಅಂದಿದ್ದಾಳೆ. ಅತ್ತೆಯ ಮಾತು ಮೀರಲಾರದೆ ಶಾಂತಮ್ಮನೂ ಬಿಟ್ಟಿದ್ದಾಳೆ. ನಮ್ಮ ಕಡೆ ಹೊಲದಲ್ಲಿ ದತ್ತೂರಿ ಬಿಡುವುದು ಹೊಸದೇನಲ್ಲ, ದೇವರ ಗಿಡಕ್ಕೆ ಕಳೆ ತೆಗೆಯುವ ಕುರ್ಚಿಗಿ ಹಾಕಲು ಆಳುಗಳೂ ಒಲ್ಲರು. ದಿನಾ ಬೆಳಗ್ಗೆ ನೀಲವ್ವ ಒಂದು ಹೂವೂ ಉಳಿಯದಂತೆ ಬಿಡಿಸಿಕೊಂಡು ಈಶ್ವರನ ಗುಡಿಗೆ ಒಯ್ಯುತ್ತಿದ್ದಳು. ಹೂವೇ ಉಳಿಯದ ಮೇಲೆ ಕಾಯಿ ಎಲ್ಲಿಂದ ಬರಬೇಕು? ಮುಳ್ಳು ಕಾಯಿ ಇದ್ದಿದ್ದರೆ ಯಾರಾದರೂ ಗುರುತು ಹಿಡಿಯುತ್ತಿದ್ದರು.

ಶಿವರಾತ್ರಿ ಆದ ಮೇಲೆ ಬೇರು ಕೀಳುವ ಕಾಲ. ಅಷ್ಟೊತ್ತಿಗೆ ಎಲ್ಲ ಗಿಡದ ಎಲೆ ಉದುರಿ ಬರೀ ಕಡ್ಡಿ ನಿಂತಿದ್ದವು. ಶಾಂತಮ್ಮ ತವರಿನ ಮದುವೆಗೆ ಹೋಗಿದ್ದಳು. ನೀಲವ್ವ ಕಾಲು ನೋವಿಗೆ ಮನೆಯಲ್ಲೇ ಇದ್ದಳು. ಹೊರೆ ಹಗುರಾಗಲಿ ಅಂತ ಗವಿಸಿದ್ದಪ್ಪ ಹೊಲದಲ್ಲೇ ಕಡ್ಡಿ ಕತ್ತರಿಸಿ ಬೇರು ಮಾತ್ರ ಮನೆಗೆ ತರಿಸಿದ. ತೊಳೆಯುವಾಗ ಶಾಂತಮ್ಮನಿಗೆ ಕೆಲವು ಬೇರು ಕಟ್ಟಿಗೆಯ ಹಾಗೆ ಗಡುಸು ಅನ್ನಿಸಿದೆ. ಬಲಿತಿರಬೇಕು ಅಂದುಕೊಂಡಿದ್ದಾಳೆ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕಳ್ಳತನ ಮಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಒಳ್ಳೆಯದಕ್ಕೇ ಮಾಡಿದ್ದರು.

ನನಗೆ ಆಗ ಎರಡನೆಯ ಹೆದರಿಕೆ ಹತ್ತಿತು. ಈ ಪುಡಿ ಬೇರೆ ಎಲ್ಲೆಲ್ಲಿ ಹೋಗಿದೆ?

"ನಿನ್ನೆ ಸಂತ್ಯಾಗ ಮಾರೀನ್ರಿ," ಅಂದಳು ಶಾಂತಮ್ಮ. "ಭಾಗ್ಯನಗರದ ಅಂಗಡಿಗಿ ಇನ್ನೂ ಕೊಟ್ಟಿಲ್ಲ. ಸಂತ್ಯಾಗ ಯಾರ ತಗೊಂಡ್ರು ಅಂತ ಹ್ಯಾಂಗ ಹೇಳ್ಲಿ? ಮಾರಿ ನೆನಪ ಅದಾವು, ಹೆಸರ ಗೊತ್ತಿಲ್ಲ."

ಸಾಹೇಬರ ಫೋನು ಬಂತು. ಎಲ್ಲಿದ್ದೀರಿ ಅಂದರು. ಹೇಳಿದೆ. ಅವರು ದನಿ ಇಳಿಸಿ ಅಂದರು, "ಗದ್ದಲ ಮಾಡಬ್ಯಾಡ್ರಿ. ಆ ತ್ವಾಟದಾಗ ನಮ್ಮ ಫಲಕ ಐತಿ. ಪೇಪರಿನವರಿಗೆ ಗೊತ್ತಾದ್ರ ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ. ಸುಮ್ಮನ ಇದ್ದದ್ದನ್ನ ವಾಪಸ್ ತರಿಸ್ರಿ, ಸಾಕು."

ಗವಿಸಿದ್ದಪ್ಪನೂ ಗೋಡೆಗೆ ಒರಗಿ ಅದನ್ನೇ ಅಂದ. "ಒಮ್ಮಿ ಹೆಸರು ಕೆಟ್ರ ಮುಗೀತ್ರಿ ಮೇಡಂ. ನಮ್ಮ ಕೈಯಾನ ಪುಡಿ ನಾಯೀನೂ ಮೂಸೂದಿಲ್ಲ. ನಾನು ವೆಲ್ಡಿಂಗ್ ಬಿಟ್ಟು ಕುಂತೀನಿ." ಅವನು ಅಳುತ್ತಿದ್ದ. ನನಗೆ ಅವನ ಮಾತೂ ನಿಜ ಅನ್ನಿಸಿತು, ಸಾಹೇಬರ ಮಾತಿಗೆ ಅಂಜಿಕೆಯೂ ಆಯಿತು.

ಶಾಂತಮ್ಮ ಒಳಗಿನ ವಾರ್ಡಿನ ಕಡೆ ಬೆರಳು ತೋರಿಸಿದಳು.

"ಅಕಿ ನಮ್ಮನ್ಯಾಕಿ ಅಂತ ಅಕ್ಕಾರಿಗೆ ಫೋನ್ ಮಾಡಿದ್ವಿ, ಇಲ್ಲಿಗೆ ಬಂದ್ವಿ. ಬ್ಯಾರೆಯವರ ಮನ್ಯಾಗ ಏನ್ ಮಾಡ್ತಾರ? ಗಾಳಿ ಸೋಕೈತಿ ಅಂತ ವಿಭೂತಿ ಹಚ್ಚಿ ಕುಂಡ್ರಸ್ತಾರ. ಕುಂತಲ್ಲೇ ಹೋಗ್ತಾರ್ರೀ." ಗಂಡನ ಕಡೆ ತಿರುಗಿದಳು. "ನೀವು ಅವ್ವನ ಹಂತ್ಯಾಕ ಇರ್ರಿ. ನಾ ಅಳವಂಡಿಗಿ ಹೊಂಟೆ."

ನಾನೂ ಹೋದೆ. ಧೈರ್ಯ ಬಂದು ಹೋದೆ ಅಂತ ಬರೆದುಕೊಳ್ಳಲಾರೆ. ಅವಳೊಬ್ಬಳನ್ನೇ ಕಳಿಸಿ ಅಲ್ಲಿ ಕೂತು ಕಾಯುವುದಕ್ಕೆ ಇನ್ನೂ ಹೆಚ್ಚು ಅಂಜಿಕೆಯಾಗಿತ್ತು.

ಅಳವಂಡಿಯಲ್ಲಿ ಮೈಕು ಕಟ್ಟಿದ ಆಟೊ ಹಿಡಿದಳು. ಆಟೊದವನು ಏನು ಕೂಗಬೇಕು ಹೇಳಕ್ಕಾ ಅಂದ. ಅವನ ಕೈಯಿಂದ ಮೈಕು ಇಸಿದುಕೊಂಡಳು.

"ನಾನು ಪುಡಿ ಮಾರೋ ಶಾಂತಮ್ಮ ಅದೀನ್ರಿ. ನಿನ್ನೆ ಸಂತ್ಯಾಗ ನನ್ನ ಕಡೆ ಅಶ್ವಗಂಧಾ ಪುಡಿ ತಗೊಂಡವರು ಕುಡೀಬ್ಯಾಡ್ರಿ. ಅದರಾಗ ಮದಗುಣಿಕಿ ಬೇರು ಕೂಡೈತಿ. ಕುಡದವರು ಹುಚ್ಚುಚ್ಚರ ಮಾತಾಡಿದ್ರ ಗಾಳಿ ಅನ್ನಬ್ಯಾಡ್ರಿ, ವಿಷ ಏರೈತಿ, ದವಾಖಾನಿಗೆ ಕರಕೊಂಡು ನಡೀರಿ. ನಮ್ಮ ಅತ್ತಿಗೂ ಹಂಗ ಆಗೈತಿ. ತಪ್ಪು ನಮ್ಮದ ಐತಿ."

ತನ್ನ ಹೆಸರನ್ನು ತಾನೇ ಹಾಗೆ ಬೀದಿ ಬೀದಿಯಲ್ಲಿ ಕೂಗುತ್ತಾ ಹೋಗುವುದನ್ನು ಪಕ್ಕದಲ್ಲಿ ಕೂತು ಕೇಳಿದೆ. ಜನ ಬಾಗಿಲಿಗೆ ಬಂದರು. ಕೆಲವರು ಪ್ಯಾಕೆಟ್ಟನ್ನು ಆಟೊದೊಳಕ್ಕೆ ಎಸೆದರು. ಒಬ್ಬಳು ಬಾಯಿಗೆ ಬಂದಂತೆ ಬೈದಳು. ಶಾಂತಮ್ಮ ಬೈಸಿಕೊಂಡು, ಪ್ಯಾಕೆಟ್ ಇಸಿದುಕೊಂಡು, ಮುಂದಿನ ಓಣಿಗೆ ನಡಿ ಅಂದಳು.

ಊರಾಚೆಯ ಒಂದು ಮನೆಯ ಮುಂದೆ ಜನ ಸೇರಿದ್ದರು. ಕಟ್ಟೆಯ ಮೇಲೆ ಒಬ್ಬ ಮುದುಕ ಕೆಂಪು ಮುಖ ಮಾಡಿಕೊಂಡು ಇಲ್ಲದ ಎತ್ತುಗಳನ್ನು ಹೊಡೆಯುತ್ತಿದ್ದ. ಹಣೆಗೆ ವಿಭೂತಿ, ಕೊರಳಿಗೆ ನಿಂಬೆಹಣ್ಣು ಕಟ್ಟಿದ್ದರು. ಅವನ ಮಗ ವೀರೇಶ ಮಂತ್ರಿಸುವವನನ್ನು ಕರೆತರಲು ಬೈಕ್ ತೆಗೆಯುತ್ತಿದ್ದ. ಮೈಕಿನ ಮಾತು ಕಿವಿಗೆ ಬಿದ್ದದ್ದೇ ಬೈಕ್ ಬಿಟ್ಟು ಓಡಿಬಂದು ಶಾಂತಮ್ಮನ ಮೇಲೆ ಕೈಯೆತ್ತಿದ. ಹೊಡೆಯಲಿಲ್ಲ. ನಾನು ನಡುವೆ ನಿಂತು, ಹೊಡೆಯುವುದು ಆಮೇಲಾಗಲಿ, ಮೊದಲು ಅಪ್ಪನನ್ನು ಎತ್ತು ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅದೇ ಆಟೊದಲ್ಲಿ ಕೊಪ್ಪಳಕ್ಕೆ ಒಯ್ದೆವು.

ಇಬ್ಬರೂ ಉಳಿದರು. ಇನ್ನೊಂದಿಷ್ಟು ಹೊತ್ತು ಹೋಗಿದ್ದರೆ ಮುದುಕನ ಕಥೆ ಬೇರೆಯಾಗುತ್ತಿತ್ತು ಅಂದಳು ಡಾಕ್ಟರು. ನೀಲವ್ವನಿಗೆ ಪೂರ್ತಿ ಎಚ್ಚರವಾದ ಮೇಲೆ ಆದದ್ದನ್ನೆಲ್ಲ ಹೇಳಿದೆವು. ಅವಳು ಸಿಟ್ಟಿನಿಂದ ಎದ್ದು ಕೂತಳು. "ಶಿವನ ಗಿಡ ಕಿತ್ತು ಕುಟ್ಟೀರೇನು? ಹಂಗಾರ ಇನ್ನೇನ್ ಆಕ್ಕೈತಿ?" ಅವಳ ಲೆಕ್ಕದಲ್ಲಿ ತಪ್ಪು ಗಿಡ ಬಿಟ್ಟದ್ದಲ್ಲ, ಕಿತ್ತದ್ದು. ನಾನು ವಾದಿಸಲು ಹೋಗಲಿಲ್ಲ. ಶಾಂತಮ್ಮ ಅತ್ತೆಯ ಕಾಲು ಒತ್ತುತ್ತಾ, "ಅತ್ತಿ, ಗುಡಿ ಹಿಂದ ಜಾಗ ಐತಿ. ನಿನ್ನ ಗಿಡ ಅಲ್ಲೇ ಹಚ್ಚಿ ನಾನ ನೀರ ಹಾಕ್ತೀನಿ. ಹೊಲದಾಗ ಮಾತ್ರ ಬ್ಯಾಡ," ಅಂದಳು. ಮುದುಕಿ ಬಹಳ ಹೊತ್ತು ಗೊಣಗಿ ಒಪ್ಪಿದಳು.

ಒಂದು ಪ್ಯಾಕೆಟ್ ಸಿಗಲಿಲ್ಲ. ಸಂತೆಯಲ್ಲಿ ಬಸ್ಸಿಗೆ ಅವಸರ ಮಾಡುತ್ತಿದ್ದ ಯಾರೋ ಹೆಣ್ಣುಮಗಳು ಒಯ್ದದ್ದು, ಯಾವ ಊರೆಂದು ಶಾಂತಮ್ಮನಿಗೆ ಗೊತ್ತಿಲ್ಲ. ಎಷ್ಟೋ ದಿನ ಬೆಳಗ್ಗೆ ಎದ್ದೊಡನೆ ಪತ್ರಿಕೆಯ ಜಿಲ್ಲಾ ಪುಟ ತೆಗೆದು ಒಂದು ಸಾಲೂ ಬಿಡದೆ ಓದುತ್ತಿದ್ದೆ. ಏನೂ ಬರಲಿಲ್ಲ. ಏನೂ ಆಗಿಲ್ಲ ಅಂತ ಅದರ ಅರ್ಥವಲ್ಲ, ನಮಗೆ ಗೊತ್ತಾಗಿಲ್ಲ ಅಂತ ಅಷ್ಟೇ. ಈಗಲೂ ಅದು ನೆನಪಾದರೆ ಊಟ ಸೇರುವುದಿಲ್ಲ.

ಸಾಹೇಬರು ನನಗೆ ನೋಟಿಸು ಕೊಟ್ಟರು, ತೋಟದ ಫಲಕವನ್ನು ಕೀಳಿಸಿದರು. ಗವಿಸಿದ್ದಪ್ಪ ಹೇಳಿದ ಹಾಗೆಯೇ ಆಯಿತು. ತುಳಸಿಯನ್ನೂ ಯಾರೂ ಮುಟ್ಟಲಿಲ್ಲ. ಅವನು ಮತ್ತೆ ವೆಲ್ಡಿಂಗಿಗೆ ಬಂದ. ಶಾಂತಮ್ಮ ಸಂತೆಯಲ್ಲಿ ಕೂತರೆ ಎದುರಿನವರು ಬೇಕೆಂದೇ ದೂರದಿಂದ ಸುತ್ತಿ ಹೋಗುತ್ತಿದ್ದರು. ಆದರೂ ಅವಳು ಮತ್ತೆ ಅಶ್ವಗಂಧ ಬಿತ್ತಿದಳು. ಈ ಸಲ ಸುಗ್ಗಿಯಲ್ಲಿ ರಜೆ ಹಾಕಿ ನಾನೂ ಇದ್ದೆ. ಒಂದೊಂದು ಗಿಡವನ್ನೂ ಕಡ್ಡಿ, ಕಾಯಿ ಸಮೇತ ಮನೆಯ ಅಂಗಳಕ್ಕೆ ತಂದು, ಅವಳೂ ನಾನೂ ಎದುರು ಬದುರು ಕೂತು, ಇಬ್ಬರ ಕೈಯಿಂದಲೂ ದಾಟಿದ ಮೇಲೆಯೇ ಬೇರು ಕತ್ತರಿಸಿದೆವು. ಔಷಧಿ ತೋಟ ಮಾಡುವವರಿಗೆ ಈಗ ನೀವು ಇದನ್ನೇ ಹೇಳಬೇಕು. ಹೊಲದಲ್ಲಿ ಕತ್ತರಿಸಬೇಡಿ, ಒಬ್ಬರೇ ನೋಡಬೇಡಿ. ಪುಡಿಯನ್ನು ಪ್ರಯೋಗಾಲಯಕ್ಕೂ ಕಳಿಸಿದೆವು, ಶುದ್ಧವಾಗಿದೆ ಅಂತ ಕಾಗದ ಬಂತು.

ಶಾಂತಮ್ಮ ಊರವರನ್ನು ಅಂಗಳಕ್ಕೆ ಕರೆದಳು. ಬಂದವರು ಕೆಲವರೇ, ಅವರೂ ಬಾಗಿಲಲ್ಲೇ ನಿಂತರು. ವೀರೇಶನೂ ಬಂದಿದ್ದ. ನಾನು ಕಾಗದ ಓದಿ ತೋರಿಸಿದೆ. ವೀರೇಶ ಕೇಳಿಸಿಕೊಂಡು, "ಕಾಗದ ಕುಡಿಯಾಕ ಬರ್ತೈತೇನ್ರಿ?" ಅಂದ.

ಶಾಂತಮ್ಮ ಒಳಗಿನಿಂದ ಬಿಸಿ ಹಾಲು ತಂದು ಎಲ್ಲರೆದುರು ಪುಡಿ ಕಲಸಿದಳು. ತಾನು ಕುಡಿಯುತ್ತೇನೆ ಅಂದಳು. ನೀಲವ್ವ ಕೋಲೂರಿಕೊಂಡು ಬಂದು, "ಮದ್ಲ ನನಗ ಕೊಡು. ನಾ ಒಮ್ಮಿ ಹೋಗಿ ಬಂದಾಕಿ," ಅಂತ ಕೈ ಚಾಚಿದಳು.

"ನಿಮ್ಮ ಮನ್ಯಾವರು ಕುಡದ್ರ ಏನ್ ಬಂತು?" ಅಂದ ವೀರೇಶ. "ನಿಮ್ಮ ಹೊಟ್ಟಿಪಾಡಿಗೆ ನೀವು ಏನ ಬೇಕಾದ್ರೂ ಕುಡೀತೀರಿ. ಆ ಮೇಡಂ ಕುಡೀಲಿ."

ಎಲ್ಲರೂ ನನ್ನ ಕಡೆ ನೋಡಿದರು. ಹೀಗೆ ಕುಡಿದು ಪರೀಕ್ಷೆ ಮಾಡುವುದು ವಿಧಾನವಲ್ಲ, ನೀವು ಯಾರೂ ಮಾಡಬೇಡಿ, ಯಾರಿಗೂ ಹೇಳಲೂಬೇಡಿ. ಪ್ರತಿ ಬೇರೂ ನನ್ನ ಕೈಯಿಂದ ದಾಟಿದೆ ಅಂತ ನನಗೆ ಗೊತ್ತಿತ್ತು. ಕಾಗದ ನನ್ನ ಕೈಯಲ್ಲೇ ಇತ್ತು. ಆದರೂ ಲೋಟ ಹಿಡಿದಾಗ ಗಾಳಿಯಲ್ಲಿ ಕೈಯಾಡಿಸುತ್ತಿದ್ದ ನೀಲವ್ವ ಕಂಡಳು, ಇಲ್ಲದ ಎತ್ತು ಹೊಡೆಯುತ್ತಿದ್ದ ಮುದುಕ ಕಂಡ. ಹೆದರಿಕೊಂಡೇ ಕುಡಿದೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಶಾಂತಮ್ಮ ಲೋಟ ಎತ್ತಿಡಲು ಹೋದಳು, ವೀರೇಶ ಮತ್ತೆ ತುಂಬಿಸಲು ಹೇಳಿದ. ಅದನ್ನೂ ಕುಡಿದೆ.

ಸಂಜೆಯ ತನಕ ಅವರು ಹೋಗಲಿಲ್ಲ. ಆಗಾಗ ಒಬ್ಬೊಬ್ಬರು ಬಂದು ನನ್ನ ಕಣ್ಣು ನೋಡಿ ಹೋಗುತ್ತಿದ್ದರು. ನನ್ನ ಹೆಸರು ಕೇಳಿದರು, ವಾರ ಯಾವುದು ಕೇಳಿದರು. ದತ್ತೂರಿ ಏರಿದರೆ ಮೊದಲು ಒಣಗುವುದು ಬಾಯಿ, ಹಾಗಾಗಿ ಬಾಯಿ ಒಣಗಿದಂತಾದಾಗಲೆಲ್ಲ ನೀರು ಗುಟುಕರಿಸುತ್ತಿದ್ದೆ. ಹೆದರಿಕೆಗೂ ಬಾಯಿ ಒಣಗುತ್ತದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊತ್ತು ಇಳಿಯಿತು. ನನಗೇನೂ ಆಗಲಿಲ್ಲ.

ವೀರೇಶ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟವನು ತಿರುಗಿ ಬಂದ.

"ಒಂದು ಪ್ಯಾಕೆಟ್ ಕೊಡವ್ವ," ಅಂದ. "ನನಗ. ನಮ್ಮಪ್ಪಗ ಅಲ್ಲ."

ಶಾಂತಮ್ಮ ಒಂದು ಪ್ಯಾಕೆಟ್ ಎತ್ತಿ ಚಾಚಿದಳು. ಅವನು ಹಿಡಿದು ಎಳೆದ. ಅವಳು ಬಿಡಲಿಲ್ಲ. "ತಡೀಪಾ," ಅಂದಳು. ಹಿಂದಕ್ಕೆ ತೆಗೆದುಕೊಂಡು, ಬಾಯಿ ಬಿಚ್ಚಿ, ಪುಡಿಯನ್ನು ಅಂಗೈಗೆ ಸುರಿದು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ನನ್ನ ಮೂಗಿಗೂ ಹಿಡಿದಳು. ಮತ್ತೆ ತುಂಬಿ ಕಟ್ಟಿ ಕೊಟ್ಟಳು. ಅವನು ಹಿಡಿದುಕೊಂಡ ಮೇಲೂ ಅವಳ ಬೆರಳು ಒಂದು ಗಳಿಗೆ ಅದರ ಮೇಲೆಯೇ ಇದ್ದವು. ಆಮೇಲೆ ಬಿಟ್ಟಳು.